ನಲವತ್ತೈದನೆಯ ದಳ
— ಅಂತಿಮ ಬಿ.ಎ. ವಿದ್ಯಾರ್ಥಿನಿ, ಗಿರಿನಗರ

ಬೆಂಗಳೂರಿನಲ್ಲಿ ಹುಟ್ಟಿ ಬೆಳೆದ ನಮಗೆ ವಿಮಾನವೆಂಬುದು ಅಪರೂಪದ ವಸ್ತುವಲ್ಲ. ಎರಡು ವರ್ಷಕ್ಕೊಮ್ಮೆ ಯಲಹಂಕದಲ್ಲಿ ವೈಮಾನಿಕ ಪ್ರದರ್ಶನ ನಡೆಯುವಾಗ ಊರಿಗೆ ಊರೇ ಮಹಡಿ ಹತ್ತಿ ನಿಲ್ಲುತ್ತದೆ. ಆದರೆ ಆಕಾಶದಲ್ಲಿ ಕಸರತ್ತು ಮಾಡುವ ಆ ಯುದ್ಧವಿಮಾನಗಳು ಯಾರ ಅಧೀನದಲ್ಲಿರುತ್ತವೆ, ಅವುಗಳ ನಿತ್ಯದ ಕೆಲಸವೇನು, ಅವುಗಳ ಹಿಂದಿನ ಚರಿತ್ರೆ ಯಾವುದು ಎಂದು ಕೇಳಿದರೆ ಉತ್ತರ ಹೇಳತಕ್ಕವರು ವಿರಳ. ಚರಿತ್ರೆಯನ್ನು ಐಚ್ಛಿಕ ವಿಷಯವಾಗಿ ಓದುತ್ತಿರುವ ನಾವು ಪಾಣಿಪತ್ತಿನ ಮೂರು ಯುದ್ಧಗಳನ್ನೂ ಇಸವಿ ಸಹಿತ ಒಪ್ಪಿಸಬಲ್ಲೆವು. ನಮ್ಮ ಊರಿನಲ್ಲಿಯೇ ಪುನರ್ಜನ್ಮ ಪಡೆದ ಒಂದು ದಳದ ಹೆಸರನ್ನು ಮಾತ್ರ ಕೇಳಿರುವುದಿಲ್ಲ. ಆ ದಳವೇ ಭಾರತೀಯ ವಾಯುಪಡೆಯ ನಲವತ್ತೈದನೆಯ ಸ್ಕ್ವಾಡ್ರನ್. 'ಫ್ಲೈಯಿಂಗ್ ಡ್ಯಾಗರ್ಸ್' ಎಂಬುದು ಅದರ ಬಿರುದು. ಹಾರುವ ಕಠಾರಿಗಳು ಎಂದು ಅರ್ಥ. ಅದರ ಕಥೆಯನ್ನು ನನಗೆ ತಿಳಿದಮಟ್ಟಿಗೆ ಇಲ್ಲಿ ನಿರೂಪಿಸಲು ಯತ್ನಿಸಿದ್ದೇನೆ.

ಮೊದಲು ಸ್ಕ್ವಾಡ್ರನ್ ಎಂದರೇನು ಎಂಬುದನ್ನು ನೋಡೋಣ. ಭೂಸೈನ್ಯಕ್ಕೆ ಬೆಟಾಲಿಯನ್ ಹೇಗೋ ವಾಯುಪಡೆಗೆ ಸ್ಕ್ವಾಡ್ರನ್ ಹಾಗೆ. ಸಾಮಾನ್ಯವಾಗಿ ಹದಿನಾರರಿಂದ ಹದಿನೆಂಟು ಯುದ್ಧವಿಮಾನಗಳು, ಅವುಗಳನ್ನು ಹಾರಿಸುವ ಪೈಲಟ್‌ಗಳು, ಪೈಲಟ್‌ಗಳಿಗಿಂತ ಎಷ್ಟೋ ಪಾಲು ಹೆಚ್ಚು ಸಂಖ್ಯೆಯ ಎಂಜಿನಿಯರುಗಳು ಮತ್ತು ತಂತ್ರಜ್ಞರು, ಇವರೆಲ್ಲರ ಮೇಲೆ ಒಬ್ಬ ಕಮಾಂಡಿಂಗ್ ಆಫೀಸರ್ — ಇಷ್ಟು ಸೇರಿದರೆ ಒಂದು ದಳ. ದಳಕ್ಕೆ ಒಂದು ಸಂಖ್ಯೆ ಉಂಟು, ಲಾಂಛನ ಉಂಟು, ಚರಿತ್ರೆಯನ್ನು ಬರೆದಿಡುವ ದಿನಚರಿ ಪುಸ್ತಕ ಉಂಟು. ವಿಮಾನಗಳು ಹಳೆಯದಾಗುತ್ತವೆ, ಮನುಷ್ಯರು ವರ್ಗವಾಗುತ್ತಾರೆ ಅಥವಾ ನಿವೃತ್ತರಾಗುತ್ತಾರೆ, ನೆಲೆ ಬದಲಾಗುತ್ತದೆ. ಸಂಖ್ಯೆ ಮಾತ್ರ ಬದಲಾಗುವುದಿಲ್ಲ. ನಮ್ಮ ಹಳ್ಳಿಗಳಲ್ಲಿ ಒಂದು ಮನೆತನಕ್ಕೆ ಹೆಸರು ಹೇಗೆ ನಿಲ್ಲುತ್ತದೋ ಹಾಗೆ. ಭಾರತೀಯ ವಾಯುಪಡೆ ಸ್ಥಾಪನೆಯಾದದ್ದು ೧೯೩೨ರ ಅಕ್ಟೋಬರ್ ೮ರಂದು. ಅದರ ಮೊಟ್ಟಮೊದಲ ದಳ ೧೯೩೩ರ ಏಪ್ರಿಲ್ ೧ರಂದು ಕರಾಚಿಯಲ್ಲಿ ನಾಲ್ಕು 'ವಾಪಿಟಿ' ವಿಮಾನಗಳೊಡನೆ ಆರಂಭವಾಯಿತು. ಆ ಒಂದನೆಯ ದಳ ಇಂದಿಗೂ ಇದೆ.

ಯುದ್ಧವಿಮಾನದ ದಳ ಮಾಡತಕ್ಕ ಕೆಲಸ ಯಾವುದು? ಯುದ್ಧ ಎಂದು ಒಂದೇ ಮಾತಿನಲ್ಲಿ ಹೇಳಿಬಿಡಬಹುದು; ಆದರೆ ಯುದ್ಧ ನಡೆಯುವುದು ಹತ್ತಾರು ವರ್ಷಕ್ಕೊಮ್ಮೆ. ನಾನು ಈ ಲೇಖನಕ್ಕಾಗಿ ಟಿಪ್ಪಣಿ ಮಾಡಿಕೊಳ್ಳುತ್ತಿದ್ದಾಗ ನಮ್ಮ ತಂದೆಯವರು ಕೇಳಿದ ಪ್ರಶ್ನೆಯೂ ಇದೇ. ಹೊಸಕೆರೆಹಳ್ಳಿಯ ಕಡೆ ಒಂದು ಲೇತ್ ಅಂಗಡಿಯಲ್ಲಿ ಅವರು ಕೆಲಸ ಮಾಡುತ್ತಾರೆ. ಏಳನೆಯ ತರಗತಿಯ ನಂತರ ಶಾಲೆಗೆ ಹೋದವರಲ್ಲ. "ಯುದ್ಧ ಇಲ್ಲದಾಗ ಇವರಿಗೆಲ್ಲ ಏನಮ್ಮ ಕೆಲಸ?" ಎಂದರು. ಉತ್ತರ ಹುಡುಕಿದಾಗ ತಿಳಿದುಬಂದದ್ದು, ಯುದ್ಧವಿಲ್ಲದಾಗಲೇ ಹೆಚ್ಚು ಕೆಲಸವೆಂಬುದು. ಗಡಿಗೆ ಹತ್ತಿರದ ನೆಲೆಗಳಲ್ಲಿ ಹಗಲೂ ರಾತ್ರಿಯೂ ಕೆಲವರು ಪೈಲಟ್‌ಗಳು ಹಾರುವ ಉಡುಪು ಧರಿಸಿಯೇ ಕುಳಿತಿರುತ್ತಾರೆ. ಶಸ್ತ್ರ ತುಂಬಿದ ವಿಮಾನ ಓಡುಹಾದಿಯ ತುದಿಯಲ್ಲಿ ಸಿದ್ಧವಾಗಿರುತ್ತದೆ. ಗುರುತು ಹೇಳದ ವಿಮಾನವೊಂದು ರೇಡಾರ್ ತೆರೆಯ ಮೇಲೆ ಕಾಣಿಸಿತೆಂದರೆ ಗಂಟೆ ಬಾರಿಸುತ್ತದೆ; ಕೆಲವೇ ನಿಮಿಷಗಳಲ್ಲಿ ಇವರು ಆಕಾಶದಲ್ಲಿರಬೇಕು. ಇದು ವಾಯುರಕ್ಷಣೆ. ಎರಡನೆಯದು ಭೂಸೈನ್ಯಕ್ಕೆ ನೆರವು: ಶತ್ರುವಿನ ಟ್ಯಾಂಕುಗಳನ್ನೂ ಫಿರಂಗಿಗಳನ್ನೂ ಮೇಲಿನಿಂದ ಹೊಡೆಯುವುದು. ಇನ್ನು ಶತ್ರುದೇಶದ ಒಳಕ್ಕೆ ನುಗ್ಗಿ ವಿಮಾನನೆಲೆ, ಸೇತುವೆಗಳನ್ನು ನಾಶಮಾಡುವುದು, ಛಾಯಾಚಿತ್ರ ತೆಗೆದು ತರುವುದು, ಬಾಂಬು ಹೊತ್ತ ವಿಮಾನಗಳಿಗೆ ಬೆಂಗಾವಲಾಗಿ ಹೋಗುವುದು ಮೊದಲಾದವು. ಉಳಿದ ಕಾಲವೆಲ್ಲ ಅಭ್ಯಾಸ. ಅಭ್ಯಾಸದಲ್ಲಿಯೂ ಪ್ರಾಣಹಾನಿ ಇಲ್ಲದಿಲ್ಲ.

ಈಗ ಪ್ರಕೃತ ವಿಷಯಕ್ಕೆ ಬರೋಣ. ನಲವತ್ತೈದನೆಯ ದಳ ಹುಟ್ಟಿದ್ದು ೧೯೫೯ರಲ್ಲಿ. ಅದಕ್ಕೆ ಕೊಟ್ಟ ವಿಮಾನ 'ವ್ಯಾಂಪೈರ್'. ಇಂಗ್ಲೆಂಡಿನ ಡಿ ಹ್ಯಾವಿಲೆಂಡ್ ಕಂಪನಿ ಎರಡನೆಯ ಮಹಾಯುದ್ಧದ ಕೊನೆಯ ಭಾಗದಲ್ಲಿ ರೂಪಿಸಿದ ಜೆಟ್ ವಿಮಾನ ಇದು. ೧೯೪೮ರಲ್ಲಿ ಭಾರತಕ್ಕೆ ಬಂದಾಗ ಇದೇ ನಮ್ಮ ದೇಶದ ಮೊದಲ ಜೆಟ್. ಹಿಂಬದಿಗೆ ಎರಡು ಬಾಲಗಳು, ನಡುವೆ ಗಿಡ್ಡ ಮೈ, ನಾಲ್ಕು ೨೦ ಮಿಲಿಮೀಟರ್ ಫಿರಂಗಿಗಳು. ಪೈಲಟ್ ಕುಳಿತುಕೊಳ್ಳುವ ಮುಂಭಾಗವನ್ನು ಪ್ಲೈವುಡ್ ಮತ್ತು ಬಾಲ್ಸಾ ಎಂಬ ಹಗುರ ಮರದಿಂದ ಮಾಡಿರುತ್ತಿದ್ದರು ಎಂದರೆ ನಂಬುವುದು ಕಷ್ಟ. ಆದರೆ ಅದು ನಿಜ. ಇನ್ನೊಂದು ಸಂಗತಿ ನಮಗೆ ಹೆಚ್ಚು ಹತ್ತಿರದ್ದು: ಈ ವ್ಯಾಂಪೈರ್‌ಗಳನ್ನು ಲೈಸೆನ್ಸ್ ಪಡೆದು ನಿರ್ಮಿಸುತ್ತಿದ್ದುದು ಬೆಂಗಳೂರಿನ ಹಿಂದುಸ್ಥಾನ್ ವಿಮಾನ ಕಾರ್ಖಾನೆಯಲ್ಲಿ. ೧೯೪೦ರ ಡಿಸೆಂಬರ್ ೨೩ರಂದು ಉದ್ಯಮಿ ವಾಲ್‌ಚಂದ್ ಹೀರಾಚಂದರು ಮೈಸೂರು ಸಂಸ್ಥಾನದ ಸಹಕಾರದಿಂದ ಸ್ಥಾಪಿಸಿದ ಕಾರ್ಖಾನೆ ಅದು. ಆಗ ದಿವಾನರಾಗಿದ್ದವರು ಸರ್ ಮಿರ್ಜಾ ಇಸ್ಮಾಯಿಲ್. ಮಹಾಯುದ್ಧದ ಕಾಲದಲ್ಲಿ ಅಮೆರಿಕದ ವಿಮಾನಗಳನ್ನು ದುರಸ್ತಿ ಮಾಡುತ್ತಿದ್ದ ಕೈಗಳು ಸ್ವಾತಂತ್ರ್ಯಾನಂತರ ನಮ್ಮ ವಾಯುಪಡೆಗೆ ಜೆಟ್ ವಿಮಾನ ಜೋಡಿಸತೊಡಗಿದವು.

೧೯೬೧ರ ಡಿಸೆಂಬರ್ ತಿಂಗಳ ಗೋವಾ ವಿಮೋಚನೆಯ ಕಾರ್ಯಾಚರಣೆಯಲ್ಲಿ ಈ ದಳ ಪಾಲ್ಗೊಂಡಿತು. ಅಲ್ಲಿ ಎದುರಾಳಿಯ ಬಳಿ ಯುದ್ಧವಿಮಾನಗಳೇ ಇರಲಿಲ್ಲವಾದ್ದರಿಂದ ಹೇಳಿಕೊಳ್ಳುವಂಥ ಪರೀಕ್ಷೆ ಆಗಲಿಲ್ಲ. ನಿಜವಾದ ಪರೀಕ್ಷೆ ಬಂದದ್ದು ೧೯೬೫ರ ಸೆಪ್ಟೆಂಬರ್ ೧ರಂದು. ಈ ದಿನವನ್ನು ಕುರಿತು ಸ್ವಲ್ಪ ವಿಸ್ತಾರವಾಗಿ ಹೇಳಬೇಕು.

ಆ ದಿನ ಬೆಳಗಿನ ಜಾವ ಪಾಕಿಸ್ತಾನದ ಸೇನೆ ಜಮ್ಮುವಿನ ಛಂಬ್ ಪ್ರದೇಶದಲ್ಲಿ ಟ್ಯಾಂಕುಗಳೊಡನೆ ನುಗ್ಗಿತು. ಅಖನೂರಿನ ಸೇತುವೆ ಅವರ ಕೈಗೆ ಬಿದ್ದರೆ ಛಂಬ್, ರಜೌರಿ ಕಡೆಯ ನಮ್ಮ ಸೈನ್ಯಕ್ಕೆ ದಾರಿಯೇ ತಪ್ಪಿಹೋಗುವ ಸ್ಥಿತಿ. ಭೂಸೈನ್ಯ ವಾಯುಪಡೆಯ ನೆರವು ಕೇಳಿತು. ರಕ್ಷಣಾ ಸಚಿವ ವೈ. ಬಿ. ಚವಾಣರು ಅಪ್ಪಣೆ ಕೊಡುವ ಹೊತ್ತಿಗೆ ಸಂಜೆಯಾಗುತ್ತ ಬಂದಿತ್ತು. ಹತ್ತಿರದ ನೆಲೆ ಪಠಾಣಕೋಟೆ. ಅಲ್ಲಿದ್ದವು ನಲವತ್ತೈದನೆಯ ದಳದ ವ್ಯಾಂಪೈರ್‌ಗಳು ಮತ್ತು ಫ್ರಾನ್ಸಿನ 'ಮಿಸ್ಟೇರ್' ವಿಮಾನಗಳು. ಕತ್ತಲಾಗಲು ಉಳಿದಿದ್ದ ಒಂದೆರಡು ಗಂಟೆಗಳಲ್ಲಿ ಕೈಯಲ್ಲಿದ್ದುದನ್ನೇ ಕಳಿಸಬೇಕಾಯಿತು. ಹನ್ನೆರಡು ವ್ಯಾಂಪೈರ್‌ಗಳು ನಾಲ್ಕು ನಾಲ್ಕಾಗಿ ಹೊರಟವು.

ಎದುರಿಗೆ ಬಂದದ್ದು ಅಮೆರಿಕದ 'ಸೇಬರ್' ಜೆಟ್‌ಗಳು. ವ್ಯಾಂಪೈರಿನ ಪರಮ ವೇಗ ಗಂಟೆಗೆ ಸುಮಾರು ೮೮೦ ಕಿಲೋಮೀಟರ್. ಸೇಬರಿನದು ಸುಮಾರು ೧,೧೦೦. ರೆಕ್ಕೆಯ ಆಕಾರ, ಎತ್ತರಕ್ಕೆ ಏರುವ ಶಕ್ತಿ, ಯಾವುದರಲ್ಲಿಯೂ ಇವೆರಡಕ್ಕೂ ಸಾಟಿಯಿಲ್ಲ. ಅದರಲ್ಲಿಯೂ ನೆಲಕ್ಕೆ ಹತ್ತಿರವಾಗಿ ಹಾರುತ್ತ ಟ್ಯಾಂಕುಗಳ ಮೇಲೆ ದೃಷ್ಟಿ ನೆಟ್ಟವನಿಗೆ ಬೆನ್ನ ಹಿಂದೆ ಬಂದವನು ಕಾಣುವುದಾದರೂ ಹೇಗೆ? ಆ ಸಂಜೆ ನಾಲ್ಕು ವ್ಯಾಂಪೈರ್‌ಗಳು ಹಿಂದಿರುಗಲಿಲ್ಲ. ಫ್ಲೈಟ್ ಲೆಫ್ಟಿನೆಂಟ್ ಎ. ಕೆ. ಭಾಗ್ವಾಗರ್, ಫ್ಲೈಟ್ ಲೆಫ್ಟಿನೆಂಟ್ ವಿ. ಎಂ. ಜೋಶಿ, ಫ್ಲೈಟ್ ಲೆಫ್ಟಿನೆಂಟ್ ಎಸ್. ಭಾರದ್ವಾಜ್ ಮೂವರೂ ಮಡಿದರು. ನಾಲ್ಕನೆಯವರಾದ ಫ್ಲೈಯಿಂಗ್ ಆಫೀಸರ್ ಎಸ್. ವಿ. ಪಾಠಕ್ ವಿಮಾನದಿಂದ ಹೊರಬಿದ್ದು ಬದುಕಿ ಬಂದರು. ಅಂದಿನಿಂದ ವ್ಯಾಂಪೈರನ್ನು ಮುಂಚೂಣಿಯ ಕಾಳಗದಿಂದ ಹಿಂತೆಗೆದುಕೊಂಡರು.

ಈ ಬಗ್ಗೆ ಇತಿಹಾಸಕಾರರಲ್ಲಿ ಎರಡು ಮಾತಿದೆ. ಹಳೆಯ ವಿಮಾನಗಳನ್ನು ಕಳಿಸಿದ್ದು ತಪ್ಪೆಂದು ಕೆಲವರು. ಆ ಗಳಿಗೆಯಲ್ಲಿ ಬೇರೆ ದಾರಿಯಿರಲಿಲ್ಲವೆಂದು ಕೆಲವರು. ನನಗೆ ತೋರುವುದೇನೆಂದರೆ, ಆ ಸಂಜೆಯ ನಿರ್ಣಯವನ್ನು ಆ ಸಂಜೆಯಲ್ಲಿಯೇ ಹುಡುಕಿದರೆ ಸಿಕ್ಕುವುದಿಲ್ಲ. ಹೊಸ ವಿಮಾನ ಬೇಕೆಂದು ಯೋಚಿಸಬೇಕಾಗಿದ್ದ ಕಾಲ ಅದಕ್ಕೆ ಹತ್ತು ವರ್ಷ ಹಿಂದಿನದು. ಕಾಗದದ ಮೇಲೆ ತಡವಾದ ಹತ್ತು ವರ್ಷ ಆಕಾಶದಲ್ಲಿ ಹತ್ತು ನಿಮಿಷದಲ್ಲಿ ಲೆಕ್ಕಕ್ಕೆ ಬರುತ್ತದೆ. ನಮ್ಮ ತಂದೆಯವರಿಗೆ ಇದನ್ನು ಓದಿ ಹೇಳಿದಾಗ ಸ್ವಲ್ಪ ಹೊತ್ತು ಸುಮ್ಮನಿದ್ದು, "ಲೇತ್ ಹಳೇದಾದ್ರೆ ಕೆಲಸ ನಿಧಾನ ಆಗುತ್ತೆ, ಸಾಮಾನು ಕೆಡುತ್ತೆ, ಅಷ್ಟೇ. ಅಲ್ಲಿ ಹಳೇದಾದ್ರೆ ಆಳೇ ಹೋಗ್ತಾನಲ್ಲಮ್ಮ" ಎಂದರು. ಪುಸ್ತಕಗಳಲ್ಲಿ ನಾನು ಓದಿದ ಯಾವ ವಿಮರ್ಶೆಯೂ ಇಷ್ಟು ನೇರವಾಗಿರಲಿಲ್ಲ.

ಅದೇ ವಾರದ ಇನ್ನೊಂದು ಪ್ರಸಂಗವನ್ನು, ಬೇರೆ ದಳದ್ದಾದರೂ, ಕನ್ನಡನಾಡಿನ ಓದುಗರ ಮುಂದೆ ಹೇಳದೆ ಇರಲಾರೆ. ಕೊಡಗಿನ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬೋಪಯ್ಯ ದೇವಯ್ಯನವರು ಮೂಲತಃ ತರಬೇತಿ ನೀಡುವ ಅಧಿಕಾರಿ. ಸೆಪ್ಟೆಂಬರ್ ೭ರಂದು ಒಂದನೆಯ ದಳದ ಹನ್ನೆರಡು ಮಿಸ್ಟೇರ್‌ಗಳು ಪಾಕಿಸ್ತಾನದ ಸರಗೋಧಾ ನೆಲೆಯ ಮೇಲೆ ದಾಳಿ ಮಾಡಬೇಕಿತ್ತು. ದೇವಯ್ಯನವರದು ಆ ಹನ್ನೆರಡರಲ್ಲಿ ಸ್ಥಾನವಲ್ಲ. ಯಾವುದಾದರೂ ವಿಮಾನ ಕೆಟ್ಟು ನಿಂತರೆ ಬದಲಿಗೆ ಹೋಗಲು ಕಾದಿರಿಸಿದ್ದವರು. ಹಾಗೆ ಬದಲಿಯಾಗಿಯೇ ಹೊರಟರು. ಹಿಂದಿರುಗುವಾಗ ಶಬ್ದದ ಎರಡು ಪಟ್ಟು ವೇಗದಲ್ಲಿ ಹಾರಬಲ್ಲ 'ಸ್ಟಾರ್‌ಫೈಟರ್' ಒಂದು ಅವರನ್ನು ಬೆನ್ನಟ್ಟಿತು. ಮಿಸ್ಟೇರ್ ಶಬ್ದದ ವೇಗವನ್ನು ಸಮತಲದಲ್ಲಿ ಮುಟ್ಟಲಾರದ ವಿಮಾನ. ಓಡಿ ತಪ್ಪಿಸಿಕೊಳ್ಳುವುದು ಶಕ್ಯವಿಲ್ಲ. ದೇವಯ್ಯನವರು ತಿರುಗಿ ನಿಂತು ಹೋರಾಡಿ, ಆ ಸ್ಟಾರ್‌ಫೈಟರನ್ನು ಹೊಡೆದುರುಳಿಸಿ, ತಾವೂ ಅಲ್ಲಿಯೇ ಬಿದ್ದರು. ಪಾಕಿಸ್ತಾನದ ಪೈಲಟ್ ಛತ್ರಿಯ ಸಹಾಯದಿಂದ ಉಳಿದುಕೊಂಡ. ನಮ್ಮವರಿಗೆ ಇದಾವುದೂ ತಿಳಿಯಲಿಲ್ಲ. ದೇವಯ್ಯನವರು 'ಕಾಣೆಯಾದವರು' ಎಂದು ದಾಖಲೆಯಲ್ಲಿ ಉಳಿದರು. ಜಾನ್ ಫ್ರಿಕರ್ ಎಂಬ ಇಂಗ್ಲಿಷ್ ಲೇಖಕ ಪಾಕಿಸ್ತಾನದ ಪಕ್ಷದಿಂದ ಬರೆದ ಪುಸ್ತಕ ೧೯೭೯ರಲ್ಲಿ ಹೊರಬಂದಾಗ ಈ ಕಾಳಗದ ವಿವರ ಬೆಳಕಿಗೆ ಬಂತು. ಮಹಾವೀರಚಕ್ರ ದೊರೆತದ್ದು ೧೯೮೮ರಲ್ಲಿ, ಅಂದರೆ ಇಪ್ಪತ್ತಮೂರು ವರ್ಷಗಳ ನಂತರ. ನಮ್ಮ ವೀರನ ಸಾಕ್ಷ್ಯವನ್ನು ಎದುರಾಳಿಯ ಪುಸ್ತಕದಿಂದ ಪಡೆಯಬೇಕಾಯಿತು. ದಿನಚರಿ ಬರೆದಿಡುವುದು ಎಷ್ಟು ಮುಖ್ಯವೋ, ಅದರಲ್ಲಿ ಬಾರದೆ ಹೋಗುವುದು ಎಷ್ಟಿರುತ್ತದೆಯೋ!

ಇರಲಿ. ವ್ಯಾಂಪೈರ್‌ಗಳ ನಂತರ ನಲವತ್ತೈದನೆಯ ದಳಕ್ಕೆ ರಷ್ಯದ 'ಮಿಗ್-೨೧' ಬಂದಿತು. ಮರದ ಮೂತಿಯ ವಿಮಾನದಿಂದ ಒಮ್ಮೆಗೇ ಶಬ್ದದ ಎರಡು ಪಟ್ಟು ವೇಗದ ವಿಮಾನಕ್ಕೆ! ೧೯೭೧ರ ಯುದ್ಧವನ್ನು ದಳ ಇದೇ ವಿಮಾನದಲ್ಲಿ ಎದುರಿಸಿತು. ಆಮೇಲಿನ ಹಲವು ವರ್ಷ ಕಾವಲಿನ ವರ್ಷಗಳು. ಕಾವಲಿನ ಕೆಲಸ ಪತ್ರಿಕೆಗಳಲ್ಲಿ ಬರುವುದಿಲ್ಲ. ಬಂದದ್ದು ಒಮ್ಮೆ, ೧೯೯೯ರ ಆಗಸ್ಟ್ ೧೦ರಂದು. ಕಾರ್ಗಿಲ್ ಕದನ ಮುಗಿದು ಇನ್ನೂ ಒಂದು ತಿಂಗಳಾಗಿರಲಿಲ್ಲ. ಕಚ್ಛದ ರಣದ ಗಡಿಯ ಬಳಿ ಪಾಕಿಸ್ತಾನ ನೌಕಾಪಡೆಯ 'ಅಟ್ಲಾಂಟಿಕ್' ಎಂಬ ಗಸ್ತು ವಿಮಾನ ಕಾಣಿಸಿಕೊಂಡಿತು. ಗುಜರಾತಿನ ನಲಿಯಾ ನೆಲೆಯಲ್ಲಿದ್ದ ಈ ದಳದ ಮಿಗ್‌ಗಳು ಮೇಲೇರಿದವು. ಸ್ಕ್ವಾಡ್ರನ್ ಲೀಡರ್ ಪಿ. ಕೆ. ಬುಂದೇಲಾ ಹಾರಿಸಿದ ಕ್ಷಿಪಣಿಗೆ ಅದು ಉರುಳಿತು. ಅದರಲ್ಲಿದ್ದ ಹದಿನಾರು ಜನರೂ ಸತ್ತರು. ವಿಮಾನ ನಮ್ಮ ಆಕಾಶದಲ್ಲಿತ್ತೆಂದು ಭಾರತ, ತಮ್ಮ ಆಕಾಶದಲ್ಲಿತ್ತೆಂದು ಪಾಕಿಸ್ತಾನ ವಾದಿಸಿದವು. ಪಾಕಿಸ್ತಾನ ಹೇಗ್ ನಗರದ ಅಂತರರಾಷ್ಟ್ರೀಯ ನ್ಯಾಯಾಲಯಕ್ಕೂ ಹೋಯಿತು. ಈ ದಾವೆಯನ್ನು ವಿಚಾರಿಸುವ ಅಧಿಕಾರ ತನಗಿಲ್ಲವೆಂದು ನ್ಯಾಯಾಲಯ ೨೦೦೦ದ ಜೂನ್ ೨೧ರಂದು ಹದಿನಾಲ್ಕು–ಎರಡು ಮತಗಳಿಂದ ತೀರ್ಪಿತ್ತಿತು. ರಾಜ್ಯಶಾಸ್ತ್ರದ ವಿದ್ಯಾರ್ಥಿಗಳು ಈ ಮೊಕದ್ದಮೆಯನ್ನು ಓದಬಹುದು. ನನ್ನ ಮನಸ್ಸಿನಲ್ಲಿ ನಿಂತದ್ದು ಬೇರೆಯೇ ಒಂದು ಸಂಗತಿ. ಗುರುತಿಸಿ, ನಿರ್ಧರಿಸಿ, ಗುಂಡಿ ಒತ್ತುವವರೆಗಿನ ಆ ಕೆಲವು ನಿಮಿಷಗಳ ಭಾರವನ್ನು ಹೊರುವವರು ಮೂವತ್ತರ ಆಸುಪಾಸಿನ ಅಧಿಕಾರಿಗಳು. ವಾದ ಮಾಡುವವರಿಗೆ ಆಮೇಲೆ ತಿಂಗಳುಗಟ್ಟಲೆ ಕಾಲಾವಕಾಶ ಉಂಟು.

೨೦೦೨ರಲ್ಲಿ ಈ ದಳವನ್ನು 'ನಂಬರ್‌ಪ್ಲೇಟ್' ಮಾಡಿದರು. ಹಳೆಯ ವಿಮಾನಗಳ ಕಾಲ ಮುಗಿದು ಹೊಸವು ಇನ್ನೂ ಬಾರದಿದ್ದಾಗ ದಳವನ್ನು ಮುಚ್ಚುತ್ತಾರೆ, ಆದರೆ ರದ್ದುಮಾಡುವುದಿಲ್ಲ. ಸಂಖ್ಯೆ, ಲಾಂಛನ, ದಿನಚರಿ, ಪಾರಿತೋಷಕಗಳನ್ನು ಜೋಪಾನವಾಗಿ ಎತ್ತಿಡುತ್ತಾರೆ. ಮುಂದೆ ಯೋಗ್ಯ ವಿಮಾನ ದೊರೆತಾಗ ಅದೇ ಹೆಸರಿನಲ್ಲಿ ಮತ್ತೆ ಎಬ್ಬಿಸುತ್ತಾರೆ. ನಲವತ್ತೈದನೆಯ ದಳ ಹೀಗೆ ಹದಿನಾಲ್ಕು ವರ್ಷ ಮಲಗಿತ್ತು. ಅದು ಕಾಯುತ್ತಿದ್ದ ವಿಮಾನ ಆಗ ಬೆಂಗಳೂರಿನಲ್ಲಿ ತಯಾರಾಗುತ್ತಿತ್ತು.

ಸ್ವದೇಶದಲ್ಲಿಯೇ ಯುದ್ಧವಿಮಾನ ರೂಪಿಸುವ ಆಸೆ ಹೊಸದಲ್ಲ. ಜರ್ಮನಿಯ ಖ್ಯಾತ ವಿನ್ಯಾಸಕಾರ ಕುರ್ಟ್ ಟ್ಯಾಂಕ್ ಬೆಂಗಳೂರಿಗೆ ಬಂದು ನಮ್ಮ ಎಂಜಿನಿಯರುಗಳೊಡನೆ ರೂಪಿಸಿದ 'ಮಾರುತ' ೧೯೬೧ರ ಜೂನ್ ೧೭ರಂದು ಮೊದಲ ಬಾರಿಗೆ ಹಾರಿತು. ೧೪೭ ಮಾರುತಗಳು ತಯಾರಾದವು. ೧೯೭೧ರಲ್ಲಿ ರಾಜಸ್ಥಾನದ ಮರುಭೂಮಿಯ ಮೇಲೆ ಯುದ್ಧವನ್ನೂ ಮಾಡಿದವು. ಮೈಕಟ್ಟು ಸುಂದರ, ಎಂಜಿನ್ ದುರ್ಬಲ. ತಕ್ಕ ಎಂಜಿನ್ ಕೊನೆಗೂ ದೊರೆಯಲಿಲ್ಲ. ಅದನ್ನು ಮೊದಲು ಹಾರಿಸಿದ ಸುರಂಜನ್ ದಾಸ್ ಅವರು ೧೯೭೦ರ ಜನವರಿ ೧೦ರಂದು ಬೆಂಗಳೂರಿನಲ್ಲಿಯೇ ಮಾರುತದ ಅಪಘಾತದಲ್ಲಿ ತೀರಿಕೊಂಡರು. ಹಳೆಯ ಮದರಾಸು ರಸ್ತೆಯಿಂದ ವಿಮಾನ ಕಾರ್ಖಾನೆಯ ಕಡೆಗೆ ಹೋಗುವ 'ಸುರಂಜನ್ ದಾಸ್ ರಸ್ತೆ'ಯಲ್ಲಿ ದಿನವೂ ಸಾವಿರಾರು ಜನ ಓಡಾಡುತ್ತಾರೆ. ಬಸ್ಸಿನ ಕಂಡಕ್ಟರು ಆ ಹೆಸರನ್ನು ಕೂಗುತ್ತಾನೆ. ಅದು ಯಾರ ಹೆಸರೆಂದು ಬಲ್ಲವರೆಷ್ಟು ಮಂದಿ? ಮಾರುತವನ್ನು ಕಣ್ಣಾರೆ ನೋಡಬೇಕೆನ್ನುವವರು ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ವಸ್ತುಸಂಗ್ರಹಾಲಯಕ್ಕೆ ಹೋಗಬಹುದು. ನಮ್ಮ ಕಾಲೇಜಿನವರಿಗೆ ಅದು ದೂರವೇನೂ ಅಲ್ಲ.

ಮಾರುತದ ನಂತರ ದೀರ್ಘಕಾಲದ ಮೌನ. ಈ ಮೌನದಲ್ಲಿ ವಿನ್ಯಾಸ ಬಲ್ಲ ಒಂದು ಇಡೀ ತಲೆಮಾರು ಚದುರಿಹೋಯಿತೆಂದು ಬಲ್ಲವರು ಹೇಳುತ್ತಾರೆ. ೧೯೮೪ರಲ್ಲಿ 'ಏರೋನಾಟಿಕಲ್ ಡೆವಲಪ್‌ಮೆಂಟ್ ಏಜೆನ್ಸಿ' ಬೆಂಗಳೂರಿನಲ್ಲಿ ಸ್ಥಾಪಿತವಾಗಿ, ಮಿಗ್-೨೧ರ ಸ್ಥಾನವನ್ನು ತುಂಬಬಲ್ಲ ಲಘು ಯುದ್ಧವಿಮಾನದ ಕೆಲಸ ಆರಂಭವಾಯಿತು. ಡಾ. ಕೋಟ ಹರಿನಾರಾಯಣರು ಯೋಜನೆಯ ನಿರ್ದೇಶಕರಾಗಿದ್ದರು. ಈ ವಿಮಾನದ ವಿಶೇಷವೆಂದರೆ ಸ್ವಭಾವತಃ ಅಸ್ಥಿರವಾಗಿರುವಂತೆಯೇ ಅದನ್ನು ರೂಪಿಸಿರುವುದು. ಸೈಕಲ್ಲನ್ನು ನೆನೆಯಿರಿ: ನಿಲ್ಲಿಸಿದರೆ ಬೀಳುತ್ತದೆ, ಆದರೆ ಎತ್ತಿನ ಗಾಡಿಗಿಂತ ಚುರುಕಾಗಿ ತಿರುಗುತ್ತದೆ. ಹಾಗೆಯೇ ಇದು. ಕ್ಷಣಕ್ಷಣಕ್ಕೂ ಸಮತೋಲ ಕಾಯುವ ಕೆಲಸ ಮನುಷ್ಯನ ಕೈಗೆ ಮೀರಿದ್ದಾದ್ದರಿಂದ ಕಂಪ್ಯೂಟರುಗಳು ಅದನ್ನು ಮಾಡುತ್ತವೆ. ಪೈಲಟ್ ಇಚ್ಛೆಯನ್ನು ತಿಳಿಸುತ್ತಾನೆ, ವಿದ್ಯುತ್ ತಂತಿಗಳ ಮೂಲಕ ಅದು ರೆಕ್ಕೆಗೆ ಮುಟ್ಟುತ್ತದೆ. ಲೋಹದ ಬದಲು ಇಂಗಾಲದ ನಾರಿನ ಹಾಳೆಗಳನ್ನು ಹೇರಳವಾಗಿ ಉಪಯೋಗಿಸಿ ತೂಕವನ್ನು ಇಳಿಸಿದ್ದಾರೆ. ಉದ್ದ ೧೩.೨ ಮೀಟರ್, ರೆಕ್ಕೆಯ ಹರವು ೮.೨ ಮೀಟರ್.

೧೯೯೮ರ ಪೋಖ್ರಾನ್ ಅಣುಪರೀಕ್ಷೆಯ ನಂತರ ಅಮೆರಿಕ ನಿರ್ಬಂಧ ಹೇರಿದಾಗ, ಅಲ್ಲಿಗೆ ಕೆಲಸಕ್ಕೆಂದು ಹೋಗಿದ್ದ ನಮ್ಮ ಎಂಜಿನಿಯರುಗಳು ಹಿಂದಿರುಗಬೇಕಾಯಿತು. ಉಳಿದದ್ದನ್ನು ಇಲ್ಲಿಯೇ ಮುಗಿಸಿದರು. ೨೦೦೧ರ ಜನವರಿ ೪ರಂದು ವಿಂಗ್ ಕಮಾಂಡರ್ ರಾಜೀವ್ ಕೋಥಿಯಾಲ್ ಮೊದಲ ವಿಮಾನವನ್ನು ಬೆಂಗಳೂರಿನ ಆಕಾಶಕ್ಕೆ ಏರಿಸಿದರು. ೨೦೦೩ರಲ್ಲಿ ಪ್ರಧಾನಿ ವಾಜಪೇಯಿಯವರು 'ತೇಜಸ್' ಎಂದು ನಾಮಕರಣ ಮಾಡಿದರು. ಎಂಜಿನ್ ಮಾತ್ರ ಮತ್ತೆ ಹೊರದೇಶದ್ದೇ. ಬೆಂಗಳೂರಿನಲ್ಲಿಯೇ ರೂಪುಗೊಳ್ಳುತ್ತಿದ್ದ 'ಕಾವೇರಿ' ಎಂಜಿನ್ ಬೇಕಾದಷ್ಟು ಒತ್ತಡ ಕೊಡಲಿಲ್ಲ. ಅಮೆರಿಕದ ಜನರಲ್ ಎಲೆಕ್ಟ್ರಿಕ್ ಎಂಜಿನ್ನೇ ಗತಿಯಾಯಿತು. ಮಾರುತದ ಕಾಲದ ಕೊರತೆ ಅರವತ್ತು ವರ್ಷಗಳ ನಂತರವೂ ತುಂಬಿಲ್ಲವೆಂಬುದು ಒಪ್ಪಿಕೊಳ್ಳಬೇಕಾದ ಮಾತು.

ಹೀಗೆ ೨೦೧೬ರ ಜುಲೈ ೧ ಬಂದಿತು. ಹಳೆಯ ವಿಮಾನನಿಲ್ದಾಣದ ಆವರಣದಲ್ಲಿರುವ ವಾಯುಪಡೆಯ ವಿಮಾನ ಪರೀಕ್ಷಾ ಸಂಸ್ಥೆಯಲ್ಲಿ ತೆಂಗಿನಕಾಯಿ ಒಡೆದು, ಸರ್ವಧರ್ಮ ಪ್ರಾರ್ಥನೆ ನಡೆಸಿ, ನಲವತ್ತೈದನೆಯ ದಳವನ್ನು ಎಬ್ಬಿಸಿದರು. ಬೆಂಗಳೂರಿನ ವ್ಯಾಂಪೈರ್‌ನಲ್ಲಿ ಪೆಟ್ಟು ತಿಂದ ದಳಕ್ಕೆ ಬೆಂಗಳೂರಿನದೇ ತೇಜಸ್ ಬಂದಿತು. ಎಷ್ಟು ವಿಮಾನಗಳೆಂದು ಕೇಳುವಿರಾ? ಎರಡು! ಹದಿನಾರಿರಬೇಕಾದಲ್ಲಿ ಎರಡು. ಕಮಾಂಡಿಂಗ್ ಆಫೀಸರ್ ಗ್ರೂಪ್ ಕ್ಯಾಪ್ಟನ್ ಮಾಧವ ರಂಗಾಚಾರಿ ಅಂದು ತೇಜಸ್ಸನ್ನು ಹಾರಿಸಿದರು. ವಿಮಾನಗಳು ಒಂದೊಂದಾಗಿ ಬಂದು ಸೇರುತ್ತ ಎರಡು ವರ್ಷ ಕಳೆಯಿತು. ೨೦೧೮ರ ಜುಲೈಯಲ್ಲಿ ದಳ ಕೊಯಮತ್ತೂರಿನ ಬಳಿಯ ಸುಲೂರು ನೆಲೆಗೆ ತೆರಳಿತು. ೨೦೨೦ರ ಮೇ ೨೭ರಂದು ಎರಡನೆಯ ತೇಜಸ್ ದಳವಾಗಿ ಹದಿನೆಂಟನೆಯ ಸ್ಕ್ವಾಡ್ರನ್ ಸುಲೂರಿನಲ್ಲಿಯೇ ಎದ್ದಿತು. ೧೯೭೧ರಲ್ಲಿ ಶ್ರೀನಗರವನ್ನು ಕಾಯುತ್ತ ಮಡಿದು ಪರಮವೀರಚಕ್ರ ಪಡೆದ ನಿರ್ಮಲ್‌ಜಿತ್ ಸಿಂಗ್ ಸೇಖೋನ್ ಅವರ ದಳ ಅದು.

ಈಗಿನ ಸ್ಥಿತಿಯನ್ನು ಮುಚ್ಚಿಟ್ಟು ಹೇಳುವುದು ಸರಿಯಲ್ಲ. ವಾಯುಪಡೆಗೆ ಮಂಜೂರಾಗಿರುವ ಯುದ್ಧವಿಮಾನ ದಳಗಳು ೪೨. ೨೦೨೫ರ ಸೆಪ್ಟೆಂಬರ್ ೨೬ರಂದು ಚಂಡೀಗಢದಲ್ಲಿ ಮಿಗ್-೨೧ರ ಕೊನೆಯ ಹಾರಾಟ ಮುಗಿದಾಗ ಉಳಿದವು ೨೯. ಅದರ ಹಿಂದಿನ ದಿನವಷ್ಟೇ ಇನ್ನೂ ೯೭ ತೇಜಸ್‌ಗಳಿಗೆ ₹೬೨,೩೭೦ ಕೋಟಿಯ ಒಪ್ಪಂದಕ್ಕೆ ಸಹಿಯಾಗಿತ್ತು. ಆದರೆ ೨೦೨೧ರ ಫೆಬ್ರವರಿಯಲ್ಲಿ ಕರಾರಾಗಿದ್ದ ೮೩ ವಿಮಾನಗಳೇ ಹೇಳಿದ ಕಾಲಕ್ಕೆ ಬರಲಿಲ್ಲ. ೨೦೨೪ರಲ್ಲಿ ಶುರುವಾಗಬೇಕಾಗಿದ್ದ ಪೂರೈಕೆ ತಡವಾಯಿತು, ಅಮೆರಿಕದಿಂದ ಎಂಜಿನ್ ಬರುವುದು ತಡವಾದದ್ದು ಅದಕ್ಕೆ ಒಂದು ಕಾರಣ. ೧೯೬೫ರ ಪಠಾಣಕೋಟೆಯ ಸಂಜೆಯನ್ನು ಓದಿದವರಿಗೆ 'ತಡ' ಎಂಬ ಈ ಎರಡಕ್ಷರ ಸಾಮಾನ್ಯ ಆಡಳಿತದ ಮಾತಾಗಿ ಕೇಳಿಸುವುದಿಲ್ಲ. ತೇಜಸ್ಸಿನ ಮೊದಲ ಅಪಘಾತ ೨೦೨೪ರ ಮಾರ್ಚಿಯಲ್ಲಿ ಜೈಸಲ್ಮೇರಿನ ಬಳಿ ಆಯಿತು. ಪೈಲಟ್ ಹೊರಬಿದ್ದು ಬದುಕಿದರು. ೨೦೨೫ರ ನವೆಂಬರ್ ೨೧ರಂದು ದುಬೈ ಪ್ರದರ್ಶನದಲ್ಲಿ ಸುಲೂರಿನ ನೆಲೆಯ ವಿಂಗ್ ಕಮಾಂಡರ್ ನಮಾಂಶ್ ಸ್ಯಾಲ್ ಕಸರತ್ತು ಮಾಡುತ್ತಿದ್ದಾಗ ವಿಮಾನ ನೆಲಕ್ಕಪ್ಪಳಿಸಿ ಅವರು ತೀರಿಕೊಂಡರು. ಹಿಮಾಚಲದ ಕಾಂಗ್ಡಾ ಜಿಲ್ಲೆಯವರು. ಪಾರ್ಥಿವ ಶರೀರವನ್ನು ಮೊದಲು ಸುಲೂರಿಗೇ ತಂದರು.

ಕೊನೆಯದಾಗಿ, ಈ ದಳಗಳನ್ನು ಸೇರುವ ಬಗೆಯನ್ನು ಹೇಳಬೇಕು. ನಮ್ಮಂಥ ಮನೆಗಳಲ್ಲಿ ಇದನ್ನು ಹೇಳತಕ್ಕವರು ಇರುವುದಿಲ್ಲ. ಯುದ್ಧವಿಮಾನದ ಪೈಲಟ್ ಆಗುವವರು ಹೈದರಾಬಾದಿನ ಬಳಿಯ ದುಂಡಿಗಲ್ ಅಕಾಡೆಮಿಯ ಪಾಠದ ಮೇಲೆ 'ಹಾಕ್' ಜೆಟ್‌ಗಳಲ್ಲಿ ತರಬೇತಿ ಪಡೆಯುವುದು ನಮ್ಮ ಬೀದರಿನಲ್ಲಿ. ೨೦೧೬ರ ಜೂನ್ ತಿಂಗಳಲ್ಲಿ ದುಂಡಿಗಲ್ಲಿನಿಂದ ಹೊರಬಂದ ಮೊದಲ ಮೂವರು ಮಹಿಳೆಯರು, ಅವನಿ ಚತುರ್ವೇದಿ, ಭಾವನಾ ಕಾಂತ್, ಮೋಹನಾ ಸಿಂಗ್, ಮೂವರೂ ಬೀದರಿನ ಆಕಾಶದಲ್ಲಿ ಕಲಿತವರು. ಭಾವನಾ ಕಾಂತ್ ಬಿಹಾರದವರಾದರೂ ಎಂಜಿನಿಯರಿಂಗ್ ಓದಿದ್ದು ಬಸವನಗುಡಿಯ ಬಿ. ಎಂ. ಎಸ್. ಕಾಲೇಜಿನಲ್ಲಿ, ಗಿರಿನಗರದ ನಮ್ಮ ಮನೆಯಿಂದ ನಡೆದು ಹೋಗಬಹುದಾದಷ್ಟು ಹತ್ತಿರ. ಮೋಹನಾ ಸಿಂಗ್ ೨೦೨೪ರಲ್ಲಿ ತೇಜಸ್ ದಳವನ್ನು ಸೇರಿದರು.

ಪದವಿ ಯಾವುದಾದರೂ ಸರಿ, ಬಿ.ಎ.ಯೂ ನಡೆಯುತ್ತದೆ, ಆದರೆ ಹಾರುವ ಶಾಖೆಗೆ ಪಿ.ಯು.ಸಿ.ಯಲ್ಲಿ ಗಣಿತ ಮತ್ತು ಭೌತಶಾಸ್ತ್ರ ಓದಿ, ಒಂದೊಂದರಲ್ಲೂ ಶೇಕಡ ೫೦ ಅಂಕ ಗಳಿಸಿರಬೇಕೆಂಬ ನಿಯಮವಿದೆ. ಕಲಾ ವಿಭಾಗದಿಂದ ಬಂದ ನನ್ನಂಥವರಿಗೆ ಆ ಬಾಗಿಲು ಹದಿನಾರನೆಯ ವಯಸ್ಸಿನಲ್ಲಿ, ಅದೊಂದು ಬಾಗಿಲೆಂದು ತಿಳಿಯುವ ಮೊದಲೇ ಮುಚ್ಚಿರುತ್ತದೆ. ನಮಗೆ ಆಡಳಿತ, ಸರಬರಾಜು ಮೊದಲಾದ ನೆಲದ ಶಾಖೆಗಳು ತೆರೆದಿವೆ. ಶೇಕಡ ೬೦ ಅಂಕ ಬೇಕು, ಪ್ರವೇಶಪರೀಕ್ಷೆ ವರ್ಷಕ್ಕೆರಡು ಸಲ ನಡೆಯುತ್ತದೆ. ೨೦೨೨ರಿಂದ ಹೆಣ್ಣುಮಕ್ಕಳಿಗೆ ಖಡಕ್‌ವಾಸಲೆಯ ರಾಷ್ಟ್ರೀಯ ರಕ್ಷಣಾ ಅಕಾಡೆಮಿಯೂ ತೆರೆದಿರುವುದರಿಂದ ಪಿ.ಯು.ಸಿ. ಮುಗಿಸಿದೊಡನೆಯೇ ಆ ದಾರಿಯನ್ನೂ ಹಿಡಿಯಬಹುದು. ವಾಯುಪಡೆಗೆ ಅಲ್ಲಿಯೂ ಗಣಿತ, ಭೌತಶಾಸ್ತ್ರ ಬೇಕೇ ಬೇಕು. ನನ್ನ ತಂಗಿ ಈಗ ಹತ್ತನೆಯ ತರಗತಿಯಲ್ಲಿದ್ದಾಳೆ. ಲೆಕ್ಕವೆಂದರೆ ಅವಳಿಗೆ ಭಯವಿಲ್ಲ. ಪಿ.ಯು. ಅರ್ಜಿ ತುಂಬುವ ಮೊದಲು ಈ ಕೊನೆಯ ಎರಡು ಖಂಡಗಳನ್ನು ಓದಿಸಬೇಕೆಂದು ತಂದೆಯವರು ಹಸ್ತಪ್ರತಿಯ ಈ ಹಾಳೆಯನ್ನು ಮಡಿಸಿ ಇಟ್ಟುಕೊಂಡಿದ್ದಾರೆ.